ಕಬ್ಬಿಣದ ನಡುವೆ ಬಿದ್ದಿರುವ ಬೆಳ್ಳಿ



ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟಿರುವ, ಹತ್ತು ಪಾವಲಿಗಳುಳ್ಳ ಹೆಂಗಸಿನ ಸಾಮ್ಯವನ್ನು ನೀವು ಬಲ್ಲಿರಿ. ಕಸದಲ್ಲಿ ಬಿದ್ದ ಮಾತ್ರಕ್ಕೆ ಬೆಳ್ಳಿಯು ಕಸವಾಗುವದಿಲ್ಲವೆಂದು ಆಕೆಯು ಅರಿತಿದ್ದಳು. ಈ ಸಂಗತಿಯನ್ನು ತಿಳುಕೊಳ್ಳುವದಕ್ಕೆ ಅಮೇರಿಕ ದೇಶದ ಒಂದು ದೃಷ್ಟಾಂತವನ್ನು ಕೇಳಿರಿ.

ಅಲ್ಲಿಯ ಪಟ್ಟಣಗಳ ಹಳೆಯ ಪಾರ್ಕುಗಳಲ್ಲಿ ಕೆಲವರು ಲೋಹಶೋಧಕ ಯಂತ್ರವನ್ನು ಹಿಡಿದು ಹಳೆಯ ನಾಣ್ಯಗಳನ್ನು ಹುಡುಕುವರು. 1837ರಿಂದ 1964ರ ವರೆಗಿನ ಇಸವಿಯುಳ್ಳ ಡೈಮ್ ಎಂಬ ಸಣ್ಣ ನಾಣ್ಯದಲ್ಲಿ ನೂರಕ್ಕೆ 90 ಪಾಲು ಬೆಳ್ಳಿ ಇರುವದು. ಆದರೆ ಆ ನೆಲದಲ್ಲಿ ತುಕ್ಕು ಹಿಡಿದ ಮೊಳೆಗಳೂ ಬಾಟಲಿಯ ಮುಚ್ಚಳಗಳೂ ತುಂಬಿರುವವು. ಕಬ್ಬಿಣಕ್ಕೆ ದನಿಗೊಡದ ಹಾಗೆ ಯಂತ್ರವನ್ನು ಅಳವಡಿಸಬಹುದು. ಅದರಿಂದ ಶ್ರಮವು ಕಡಿಮೆಯಾಗುವದು ನಿಜವೇ. ಆದರೆ ಮೊಳೆಯ ಮಗ್ಗುಲಲ್ಲೇ ನಾಣ್ಯವಿದ್ದರೆ ಕಬ್ಬಿಣದ ಸಂಗಡ ಬೆಳ್ಳಿಯ ದನಿಯೂ ಅಡಗಿಹೋಗಬಹುದು. ಹುಡುಕುವವನು ಇಲ್ಲಿ ಏನೂ ಇಲ್ಲವೆಂದು ದಾಟಿಹೋಗುವನು.

ಅನುಭವಸ್ಥರಾದರೋ ಅವಸರಪಡುವದಿಲ್ಲ. ಯಂತ್ರದ ತುದಿಗೆ ಚಿಕ್ಕ ಸುರುಳಿಯನ್ನು ಕಟ್ಟಿ, ಮೆಲ್ಲಮೆಲ್ಲಗೆ ಆಡಿಸುವರು. ಒಂದು ದಿಕ್ಕಿನಿಂದ ಕೇಳಿಸದೆ ಇದ್ದದ್ದು ಅಡ್ಡಲಾಗಿ ಬಂದಾಗ ಕೇಳಿಸುವದುಂಟು. ಮೇಲಿನ ಮೊಳೆಯನ್ನು ತೆಗೆದುಹಾಕಿ, ಅದೇ ಸ್ಥಳವನ್ನು ಮತ್ತೊಮ್ಮೆ ಶೋಧಿಸುವರು.

1881ನೆಯ ಇಸವಿ ಜುಲೈ 2ರಂದು ಆ ದೇಶದ ಅಧ್ಯಕ್ಷರಾದ ಜೇಮ್ಸ್ ಗಾರ್ಫೀಲ್ಡರಿಗೆ ಒಬ್ಬನು ಗುಂಡು ಹೊಡೆದನು. ದೇಹದಲ್ಲಿ ಅಡಗಿದ ಗುಂಡನ್ನು ಕಂಡುಹಿಡಿಯುವದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬ ಪಂಡಿತರು ಇಂಥದೇ ಒಂದು ಯಂತ್ರವನ್ನು ತಂದರು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳು ಯಂತ್ರವನ್ನು ಗಲಿಬಿಲಿಗೊಳಿಸಿದವೆಂದು ಹೇಳುತ್ತಾರೆ. ಇದಲ್ಲದೆ ವೈದ್ಯರು ಗುಂಡು ಬಲಗಡೆಯಲ್ಲಿಯೇ ಇದೆಯೆಂದು ನಂಬಿ ಅಲ್ಲಿಯೇ ಹುಡುಕಿಸಿದರು, ಅದಾದರೋ ಎಡಗಡೆಯಲ್ಲಿತ್ತು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಹೋದರು. ಒಂದೇ ಕಡೆಯಿಂದ ನೋಡಿ ನಿಶ್ಚಯಿಸುವದು ಎಷ್ಟು ಅಪಾಯಕರವಾದದ್ದು!

ಪ್ರಿಯರೇ, ನಮ್ಮ ನೆರೆಯಲ್ಲಿ ಒಬ್ಬನು ಕುಡುಕನು, ಇನ್ನೊಬ್ಬಳು ಜಗಳಗಂಟಿ, ಮತ್ತೊಬ್ಬನು ಬಹುಕಾಲದಿಂದ ಸಭೆಗೆ ಬಾರದವನು. ಅವರ ಹೆಸರು ಎತ್ತಿದ ಕೂಡಲೆ ನಾವು ಕಿವಿ ಮುಚ್ಚಿಕೊಳ್ಳುವದಿಲ್ಲವೋ? ಆ ತುಕ್ಕಿನ ಮಗ್ಗುಲಲ್ಲಿ ಕರ್ತನು ಹುಡುಕುತ್ತಿರುವ ಪಾವಲಿ ಇದ್ದರೆ, ಅದರ ನಷ್ಟಕ್ಕೆ ಯಾರು ಉತ್ತರ ಕೊಡುವರು? ಕುಡುಕನನ್ನು ಸಾಯಂಕಾಲ ಗದರಿಸಿದವನು ಬೆಳಿಗ್ಗೆ ಅವನ ಹೊಲದ ಬದುವಿಗೆ ಹೋಗಿ ಸಮಾಧಾನದಿಂದ ಮಾತಾಡಿ ನೋಡಲಿ. ಅಡ್ಡಲಾಗಿ ಬರುವದೆಂದರೆ ಇದೇ.

ಇನ್ನೊಂದು ಮಾತು. ಅನೇಕ ಪಟ್ಟಣಗಳಲ್ಲಿ ಅಪ್ಪಣೆಯಿಲ್ಲದೆ ಪಾರ್ಕಿನ ನೆಲವನ್ನು ಅಗೆಯಕೂಡದು. ಒಳ್ಳೆಯ ಶೋಧಕನು ತಾನು ತೆಗೆದ ಕುಣಿಯನ್ನು ಹುಲ್ಲಿನ ಹೆಂಟೆಯಿಂದ ಮುಚ್ಚಿ, ಸಿಕ್ಕಿದ ಮೊಳೆಯನ್ನು ತಾನೇ ಹೊತ್ತುಕೊಂಡು ಹೋಗುವನು. ಆದಕಾರಣ ಸಹೋದರನ ತಪ್ಪನ್ನು ಪ್ರೀತಿಯಿಲ್ಲದೆ ಕೆದಕಬೇಡಿರಿ; ಕೆದಕಿದ ಗಾಯವನ್ನು ತೆರೆದು ಬಿಡಬೇಡಿರಿ; ಅವನ ಮೊಳೆಯನ್ನು ಊರಿಗೆಲ್ಲಾ ತೋರಿಸುತ್ತಾ ತಿರುಗಬೇಡಿರಿ.

ಹುಡುಕುವದರಲ್ಲಿ ಬೇಸರಗೊಳ್ಳದ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.