ಸುಮ್ಮನಿರದ ಕೈ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದೆ. ಹಿತ್ತಲಲ್ಲಿ ಅವಳು ಆಸೆಪಟ್ಟು ಬೆಳೆಸಿದ ಪೇಪರ್‌ಬಾರ್ಕ್ ಮೇಪಲ್. ಚೀನಾದ ಕಾಡಿನ ಮರ. 1901ರಲ್ಲಿ ಅರ್ನೆಸ್ಟ್ ವಿಲ್ಸನ್ ಅದನ್ನು ಇಂಗ್ಲೆಂಡಿಗೆ ತಂದನಂತೆ. ಬೀಜ ಬಹುಪಾಲು ಜೊಳ್ಳು. ಗಟ್ಟಿ ಬೀಜವೂ ಮೊಳೆಯಲು ಎರಡು ಮೂರು ವರ್ಷ ಕಾಯಿಸುತ್ತದೆ. ಚಳಿಗೆ ಮುಂಚೆ ಎಲೆಯೆಲ್ಲ ಕೆಂಪು. ತಾಮ್ರದ ಬಣ್ಣದ ತೊಗಟೆಯಂತೂ ಸುರುಳಿ ಸುರುಳಿಯಾಗಿ ಎದ್ದು ಜೋಲಾಡುತ್ತಿರುತ್ತದೆ.

ಜೋಲಾಡುವುದನ್ನು ಕಂಡು ಸುಮ್ಮನಿರುವ ಕೈಯೇ ನಮ್ಮದು? ಒಂದನ್ನು ಎಳೆದೆ. ಒಣಗಿದ್ದು ಮಾತ್ರ ಬರಲಿಲ್ಲ, ಹಸಿಯನ್ನೂ ಸೀಳಿಕೊಂಡು ಬಂತು.

“ಅಮ್ಮಾ, ಅದಾಗೇ ಉದುರುತ್ತೆ, ಬಿಡು” ಎಂದಳು ಮಗಳು.

ನಾನು ಮರಕ್ಕೆ ಉಪಕಾರ ಮಾಡಹೊರಟಿದ್ದೆನೋ, ನನ್ನ ಕಣ್ಣಿನ ಒಪ್ಪಕ್ಕೋ? ಮಗುವಿನ ಹೊಕ್ಕುಳಬಳ್ಳಿ ತಾನಾಗಿ ಬೀಳುವವರೆಗೆ ಮುಟ್ಟಬೇಡವೆಂದು ಬೆಳಿಗ್ಗೆಯಷ್ಟೇ ಅವಳನ್ನು ಗದರಿದವಳು ನಾನೇ. ಅವಳು ಅದನ್ನು ಎತ್ತಿ ಆಡಲಿಲ್ಲ. ಸುರುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದೆ.