ನೋವು ನುಂಗುವುದು ಧರ್ಮವೇ?

ಸಹನೆ ದೊಡ್ಡ ಗುಣವೆಂದು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ತೊಡೆಯನ್ನು ದುಂಬಿ ಕೊರೆಯುತ್ತಿದ್ದರೂ ಗುರುಗಳ ನಿದ್ದೆ ಕೆಡಬಾರದೆಂದು ಅಲುಗಾಡದೆ ಕುಳಿತ ಕರ್ಣನ ಕಥೆಯನ್ನು ಕೇಳಿ ಕಣ್ಣು ತೇವ ಮಾಡಿಕೊಂಡಿದ್ದೇವೆ. ಈಗ ಅದೇ ಕಥೆಯನ್ನು ಶಿಕಾಗೋ, ಡೆಟ್ರಾಯಿಟ್ ಸುತ್ತಮುತ್ತ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹೇಳುತ್ತೇವೆ. ಫುಟ್‌ಬಾಲ್, ಸಾಕರ್, ಹಾಕಿ, ರಗ್ಬಿ ಎಂದು ಮೈದಾನಕ್ಕಿಳಿಯುವ ಈ ಮಕ್ಕಳಿಗೆ, ಸಹನೆ ಎಲ್ಲಿಯವರೆಗೆ ಗುಣ, ಎಲ್ಲಿಂದಾಚೆಗೆ ದೋಷ ಎಂಬುದನ್ನೂ ಹೇಳಬೇಡವೇ?

ರಗ್ಬಿ ನಮ್ಮಲ್ಲಿ ಅನೇಕರಿಗೆ ಅಷ್ಟು ಪರಿಚಿತವಲ್ಲ. ರಗ್ಬಿ ಯೂನಿಯನ್‌ನಲ್ಲಿ ಒಂದೊಂದು ಕಡೆ 15 ಜನ, 80 ನಿಮಿಷದ ಆಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಡಿದು ಓಡುವವನನ್ನು ಎದುರಾಳಿ ಕೆಡವಬಹುದು. ನಮ್ಮ ಕಬಡ್ಡಿಯ ಪಟ್ಟಿಗೆ ಓಟದ ವೇಗವನ್ನು ಸೇರಿಸಿದಂತೆ ಎನ್ನಬಹುದು. ಅಮೆರಿಕನ್ ಫುಟ್‌ಬಾಲಿನ ಗಟ್ಟಿ ಹೆಲ್ಮೆಟ್ ಇಲ್ಲಿಲ್ಲ. 1995ರ ಆಗಸ್ಟ್‌ವರೆಗೆ ಇದು ನಿಯಮದ ಪ್ರಕಾರ ಹವ್ಯಾಸಿಗಳ ಆಟ. ಆಮೇಲೆ ಸಂಬಳದ ವೃತ್ತಿಯಾಯಿತು. ನಮ್ಮ ಸೋಲ್ಜರ್ ಫೀಲ್ಡ್‌ನಲ್ಲೇ 2016ರ ನವೆಂಬರ್ 5ರಂದು ಐರ್ಲೆಂಡ್ ತಂಡ ನ್ಯೂಜಿಲೆಂಡನ್ನು 40-29ರಿಂದ ಮೊದಲ ಬಾರಿಗೆ ಸೋಲಿಸಿತು. 2023ರಲ್ಲಿ ಶಿಕಾಗೋ ಹೌಂಡ್ಸ್ ಎಂಬ ವೃತ್ತಿಪರ ತಂಡ ಕಣಕ್ಕಿಳಿಯಿತು.

ಈ ವೃತ್ತಿಯ ಬೆಲೆ ಏನೆಂಬುದಕ್ಕೆ ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್ ಅವರ ಜೀವನವನ್ನು ನೋಡಬೇಕು. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾವನ್ನು 20-17ರಿಂದ ಸೋಲಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಕುತ್ತಿಗೆಯ ಗಾಯದಿಂದ 2007ರಲ್ಲಿ ಆಟ ಬಿಟ್ಟರು, ಮತ್ತೆ ಮರಳಿದರು, 2011ರಲ್ಲಿ ಅದೇ ಕುತ್ತಿಗೆಯ ಕಾರಣಕ್ಕೆ ಪೂರ್ತಿ ಬಿಟ್ಟರು. 2020ರ ಡಿಸೆಂಬರ್‌ನಲ್ಲಿ, 42ನೆಯ ವಯಸ್ಸಿನಲ್ಲಿ, ತಮಗೆ ಮರೆವಿನ ಕಾಯಿಲೆ ಬಂದಿದೆಯೆಂದು ತಿಳಿಸಿದರು. ಆ ವಿಶ್ವಕಪ್ ಗೆದ್ದ ನೆನಪೇ ಅವರಿಗೆ ಉಳಿದಿಲ್ಲ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳೇ ಕಾರಣವೆಂದು ಅವರೂ ಇನ್ನೂ ಹಲವು ಮಾಜಿ ಆಟಗಾರರೂ ಕಾನೂನಿನ ಮೊರೆ ಹೋದರು.

ಕರ್ಮಫಲದ ಆಸೆ ಬಿಡಬೇಕೆಂದು ನಾವು ಗೀತಾ ತರಗತಿಗಳಲ್ಲಿ ಚರ್ಚಿಸುತ್ತೇವೆ. ಆದರೆ ತಾನಾಗಿ ಫಲವನ್ನು ಬಿಡುವುದು ಬೇರೆ, ತಿಳಿಯದಂತೆ ಅದು ಕೈಜಾರುವುದು ಬೇರೆ. ಮೊದಲನೆಯದು ತ್ಯಾಗ. ಎರಡನೆಯದನ್ನು ತ್ಯಾಗವೆಂದು ಕರೆದು ನಾವು ಚಪ್ಪಾಳೆ ತಟ್ಟಿದರೆ ಅದು ನಮ್ಮ ಅನುಕೂಲಕ್ಕೆ ಹೇಳಿದ ಮಾತಾಗುತ್ತದೆ.

ಹಾಗಾದರೆ ನಮ್ಮ ಅನಿಲ್ ಕುಂಬ್ಳೆ? 2002ರ ಮೇ ತಿಂಗಳಲ್ಲಿ ಆಂಟಿಗುವಾ ಟೆಸ್ಟ್‌ನಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರಲ್ಲ, ಅದು ತಪ್ಪೇ? ಕನ್ನಡಿಗರಾದ ನಮಗೆ ಆ ಚಿತ್ರ ಇಂದಿಗೂ ಹೆಮ್ಮೆ. ಅಲ್ಲಿ ಪೆಟ್ಟು ಯಾವುದೆಂದು ಅವರಿಗೆ ಗೊತ್ತಿತ್ತು, ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳುವುದೂ ನಿಶ್ಚಯವಾಗಿತ್ತು. ಅದು ತಿಳಿದು ಮಾಡಿದ, ಒಂದು ದಿನದ ಸಾಹಸ. ಅದೇ ಕುಂಬ್ಳೆ 2008ರ ನವೆಂಬರ್‌ನಲ್ಲಿ ದೆಹಲಿ ಟೆಸ್ಟ್‌ನಲ್ಲಿ ಕೈಬೆರಳಿಗೆ ಹೊಲಿಗೆ ಬಿದ್ದಾಗ, ಮುಂದಿನ ಪಂದ್ಯಕ್ಕೆ ತಾವು ಪೂರ್ತಿ ಸಮರ್ಥರಾಗಿರುವುದಿಲ್ಲವೆಂದು, ನಾಯಕರಾಗಿದ್ದರೂ ನಿವೃತ್ತಿ ಘೋಷಿಸಿದರು. ಮೊದಲನೆಯದನ್ನು ನಾವು ಸಾವಿರ ಸಲ ಹೇಳುತ್ತೇವೆ, ಎರಡನೆಯದನ್ನು ಮರೆತುಬಿಡುತ್ತೇವೆ. ಎರಡೂ ಸೇರಿದರೆ ಮಾತ್ರ ವಿವೇಕದ ಪಾಠ ಪೂರ್ತಿಯಾಗುತ್ತದೆ.

ಡೆಟ್ರಾಯಿಟ್‌ನವರಿಗೆ ಬ್ಯಾರಿ ಸ್ಯಾಂಡರ್ಸ್ ಗೊತ್ತು. ಶಿಕಾಗೋ ಬೇರ್ಸ್‌ನ ವಾಲ್ಟರ್ ಪೇಟನ್ ಅವರ 16,726 ಗಜಗಳ ದಾಖಲೆಗೆ 1,457 ಗಜ ಮಾತ್ರ ಬಾಕಿಯಿದ್ದಾಗ, 1999ರ ಜುಲೈನಲ್ಲಿ, ಮೈಯಲ್ಲಿ ಶಕ್ತಿಯಿರುವಾಗಲೇ ಅವರು ಆಟ ಬಿಟ್ಟರು. ಆಡುವ ಆಸೆಗಿಂತ ಬಿಡುವ ಆಸೆಯೇ ಹೆಚ್ಚಾಗಿದೆ ಎಂಬುದು ಅವರು ಕೊಟ್ಟ ಕಾರಣ. ಅಭಿಮಾನಿಗಳು ಬಹಳ ಸಿಟ್ಟಾದರು. ಆದರೆ ಆ ದೇಹ ಯಾರದು? ಟಿಕೆಟ್ ಕೊಂಡವರದೇ?

ಇಲ್ಲಿ ನೋಡುವವರ ಧರ್ಮದ ಪ್ರಶ್ನೆ ಬರುತ್ತದೆ. ಇಪ್ಪತ್ತರ ಹುಡುಗ ಸ್ವಂತ ಇಚ್ಛೆಯಿಂದ ಆಡುತ್ತಾನೆ ಎನ್ನುತ್ತೇವೆ. ಆದರೆ ತಂಡದ ಜಾಗ ಹೋಗುತ್ತದೆಂಬ ಭಯ, ಗೆಳೆಯರ ಮುಂದೆ ಅಳುಬುರುಕನೆನಿಸುವ ನಾಚಿಕೆ, ಅಪ್ಪ ಅಮ್ಮ ನೂರು ಮೈಲಿ ಕಾರು ಓಡಿಸಿ ಬಂದಿದ್ದಾರೆಂಬ ಸಂಕೋಚ, ಇವೆಲ್ಲ ಸೇರಿದಾಗ ಆ ಇಚ್ಛೆ ಎಷ್ಟು ಸ್ವಂತದ್ದು? ಇಲಿನಾಯ್ ರಾಜ್ಯ 2011ರಲ್ಲಿ, ಮಿಶಿಗನ್ 2012ರಲ್ಲಿ, ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ರಕ್ಷಿಸಲು ಕಾನೂನು ಮಾಡಿದವು. ಪೆಟ್ಟು ಬಿದ್ದಿದೆಯೆಂಬ ಸಂಶಯ ಬಂದರೂ ಆಟದಿಂದ ಹೊರಗೆ ಕಳಿಸಬೇಕು, ವೈದ್ಯಕೀಯ ಒಪ್ಪಿಗೆಯಿಲ್ಲದೆ ಮರಳಿ ಸೇರಿಸುವಂತಿಲ್ಲ. ಆದರೆ ಮಗು ತಲೆನೋವನ್ನು ಮುಚ್ಚಿಟ್ಟರೆ ಕಾನೂನಿಗೆ ತಿಳಿಯುವುದು ಹೇಗೆ? ಅದನ್ನು ಧೈರ್ಯವಾಗಿ ಹೇಳುವ ವಾತಾವರಣ ಮನೆಯಲ್ಲೇ ಇರಬೇಕು.

ಆಟವೇ ಬೇಡವೆಂದು ನಾವು ಹೇಳುತ್ತಿಲ್ಲ. ಮೈದಾನ ಕಲಿಸುವ ಶಿಸ್ತು, ಸ್ನೇಹ, ಸೋಲನ್ನು ಒಪ್ಪುವ ಗುಣ ಪುಸ್ತಕದಿಂದ ಬರುವುದಿಲ್ಲ. ಕರ್ಣನ ಕಥೆಯನ್ನೂ ಹೇಳೋಣ, ಆದರೆ ಕೊನೆಯವರೆಗೆ ಹೇಳೋಣ. ಅವನ ಸಹನೆಗೆ ಸಿಕ್ಕಿದ್ದು ವರವಲ್ಲ, ಶಾಪ. ತನ್ನ ಗುಟ್ಟನ್ನು ಮುಚ್ಚಿಟ್ಟಿದ್ದಕ್ಕೆ. ಅಂದು ರಕ್ತ ಹರಿದಾಗ ಪರಶುರಾಮರು ನಿದ್ದೆಯಲ್ಲಿದ್ದರು. ಇಂದು ಕೋಚ್ ಆಗಲಿ, ತಂದೆತಾಯಿಗಳಾಗಲಿ, ಗ್ಯಾಲರಿಯಲ್ಲಿ ಕೂಗುವ ನಾವಾಗಲಿ ನಿದ್ದೆ ಮಾಡುವಂತಿಲ್ಲ. ನಮ್ಮ ಮಕ್ಕಳಿಗೆ ಆಡುವ ಬಲವನ್ನೂ, ನಿಲ್ಲಿಸುವ ವಿವೇಕವನ್ನೂ ಭಗವಂತ ಕರುಣಿಸಲಿ.