ನಿಂತ ತೇವದ ಮೀಮಾಂಸೆ

ಮೀಮಾಂಸಕರು ಒಂದು ಅಧಿಕರಣ ಎತ್ತಿಕೊಂಡರೆ ಮೊದಲು ವಿಷಯ, ಆಮೇಲೆ ಸಂಶಯ, ಪೂರ್ವಪಕ್ಷ, ಅದರ ಬೆನ್ನಿಗೆ ಸಿದ್ಧಾಂತ. ಯಜ್ಞವಾಕ್ಯಗಳ ಅರ್ಥ ಬಿಡಿಸಲು ಹುಟ್ಟಿದ ಈ ಕಟ್ಟಳೆಯನ್ನು, ಚಿದಂಬರ ಮಹಾಸ್ವಾಮಿಗಳು ಸೋಮಯಾಗ ನಡೆಸಿದ ಮುರಗೋಡದಲ್ಲಿ, ಒಂದು ಪಿಕಪ್ ಗಾಡಿಗೆ ಹಚ್ಚಿದರೆ ಅಪಚಾರವಾಗಲಾರದು.

ವಿಷಯ: ಬೊಲೆರೊ ಪಿಕಪ್ಪೋ ಟಾಟಾ ಏಸೋ, ಮುರಗೋಡ, ಯರಗಟ್ಟಿ, ಬೈಲಹೊಂಗಲ, ಸವದತ್ತಿಗಳ ನಡುವೆ ಗೊಬ್ಬರದ ಚೀಲ, ಗೋವಿನಜೋಳ, ಹತ್ತಿ, ಎಮ್ಮೆ ಹೇರಿಕೊಂಡು ತಿರುಗುವ ಗಾಡಿ. ಸಂಶಯ: ಅದರ ತಗಡು ತಿನ್ನುವುದು ಮಳೆಯೋ, ಮತ್ತೊಂದೋ? ನನ್ನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಹರಿದುಹೋಗುವ ನೀರಲ್ಲ, ನಿಂತ ತೇವವೇ ಕಬ್ಬಿಣದ ವೈರಿ. ಉಪಾಯವೆಲ್ಲ ತೇವವನ್ನು ನಿಲ್ಲಗೊಡದಿರುವುದರಲ್ಲಿದೆ.

ಮೊದಲ ಪೂರ್ವಪಕ್ಷ ಬಯಲುಸೀಮೆಯವರದು: “ಜಂಗು ಅಂದ್ರ ಕಾರವಾರ, ಮಂಗಳೂರಿನವರ ಚಿಂತಿ. ನಮ್ಮ ಕಡೆ ಮಳೀನ ಇಲ್ಲಲ್ರೀ.” ಅರ್ಧ ನಿಜ. ಗಾಳಿಯ ತೇವ ಶೇ. 60ಕ್ಕಿಂತ ಕೆಳಗಿದ್ದರೆ ಸ್ವಚ್ಛ ಕಬ್ಬಿಣ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಮ್ಮ ಬೇಸಿಗೆ ಅಷ್ಟರಮಟ್ಟಿಗೆ ಗಾಡಿಯ ನೆಂಟ. ಆದರೆ ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಮೈಗೆ, ಚಾಸಿಯ ಸಂದಿಗೆ ಮೆತ್ತಿದ ಎರಿಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿಯಾಗಿರುತ್ತದೆ. ಮಣ್ಣಿನ ಅಂಚಿಗೆ ಆಮ್ಲಜನಕ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಒಂದು ಸಣ್ಣ ಬ್ಯಾಟರಿಯಾಗಿ, ಆಮ್ಲಜನಕ ಸಿಗದ ನಡುವಿನ ಕಬ್ಬಿಣವೇ ಕರಗುತ್ತದೆ. ತೂತು ಬಿದ್ದದ್ದು ಮಣ್ಣು ಉದುರಿದ ಮೇಲೆಯೇ ಗೊತ್ತಾಗುವುದು ಇದರಿಂದ.

ಇದಕ್ಕೂ ದೊಡ್ಡ ಅಪರಾಧಿ ಗೊಬ್ಬರ. ಕಬ್ಬಿಗೆ ಹಾಕುವ ಕೆಂಪು ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ. ಸಮುದ್ರದ ಉಪ್ಪಿನಲ್ಲಿ ಕಬ್ಬಿಣಕ್ಕೆ ಕುತ್ತು ತರುವುದೂ ಇದೇ ಕ್ಲೋರೈಡ್. ಗಾಳಿಯ ತೇವ ಸುಮಾರು ಶೇ. 84 ದಾಟಿದರೆ ಪೊಟ್ಯಾಷ್, ಶೇ. 72ರ ಆಸುಪಾಸಿಗೆ ಯೂರಿಯಾ ತಾನೇ ನೀರೆಳೆದು ಕರಗುತ್ತವೆ. ಎರಡೂ ಬೆರೆತರೆ ಇನ್ನೂ ಬೇಗ. ಹರಿದ ಚೀಲದಿಂದ ಉದುರಿ ಬಾಡಿಯ ಮೂಲೆ ಸೇರಿದ ಹಿಡಿ ಗೊಬ್ಬರ ಶ್ರಾವಣದ ರಾತ್ರಿ ಹನಿ ಮಳೆಯಿಲ್ಲದೆಯೂ ಉಪ್ಪುನೀರಾಗುತ್ತದೆ. ಕಾರವಾರ ನಮ್ಮ ಗಾಡಿಯೊಳಗೇ ಬಂದು ಕೂತಂತೆ.

ಎರಡನೆಯ ಪೂರ್ವಪಕ್ಷ ಹೆಚ್ಚು ಗಟ್ಟಿ: “ತೇವವೇ ವೈರಿಯಾದರೆ ತೊಳೆಯುವುದು ಯಾಕೆ? ತೊಳೆದಷ್ಟೂ ಜಂಗು ಹೆಚ್ಚಲ್ಲವೇ?” ತೊಳೆಯುವ ರೀತಿಯ ಮೇಲೆ ಈ ಮಾತು ಸುಳ್ಳೂ ಹೌದು, ನಿಜವೂ ಹೌದು. ಬಾನೆಟ್ಟು ಮಿಂಚುವಂತೆ ಉಜ್ಜಿ, ಹಿಂದಿನ ರಬ್ಬರ್ ಮ್ಯಾಟನ್ನು ಎತ್ತದೆ ಮೇಲೆಯೇ ನೀರು ಹೊಡೆದು, ನೆರಳಿಗೆ ನಿಲ್ಲಿಸಿದರೆ ತೊಳೆಯದಿದ್ದುದೇ ವಾಸಿ. ಮ್ಯಾಟು ಎತ್ತಬೇಕು. ಗೊಬ್ಬರವನ್ನು ಮೊದಲು ಒಣಗಿರುವಾಗಲೇ ಗುಡಿಸಿ ಆಮೇಲೆ ನೀರು ಬಿಡಬೇಕು. ಹಸಿ ಮಾಡಿ ಗುಡಿಸಿದರೆ ಅದು ಸಂದಿ ಹೊಕ್ಕು ಕೂರುತ್ತದೆ. ಬಾಗಿಲ ಬುಡದಲ್ಲೂ ಚಾಸಿಯಲ್ಲೂ ನೀರು ಇಳಿಯಲು ಬಿಟ್ಟ ತೂತುಗಳಿವೆ, ಮಣ್ಣು ಕಟ್ಟಿದ್ದರೆ ತಂತಿ ಹಾಕಿ ತೆಗೆಯಬೇಕು. ಆಮೇಲೆ ಗಾಡಿಯನ್ನು ಬಿಸಿಲಿಗೋ ರಸ್ತೆಗೋ ಬಿಡುವುದು. ಬೋರಿನ ನೀರು ಗಡುಸು ಎನ್ನುವವರಿದ್ದಾರೆ. ಗಾಜಿನ ಮೇಲೆ, ಬಣ್ಣದ ಮೇಲೆ ಬಿಳಿ ಕಲೆ ಉಳಿದೀತು, ಬಟ್ಟೆಯಿಂದ ಒರೆಸಿದರಾಯಿತು. ಪೊಟ್ಯಾಷಿನ ಮುಂದೆ ಅದು ಲೆಕ್ಕಕ್ಕಿಲ್ಲ. ತಾಡಪತ್ರಿಗೂ ಇದೇ ನ್ಯಾಯ: ಹಸಿ ಬಾಡಿಯ ಮೇಲೆ ಬಿಗಿದು ಕಟ್ಟಿದರೆ ತೇವಕ್ಕೆ ಮನೆ ಕಟ್ಟಿಕೊಟ್ಟಂತೆಯೇ.

“ಹಿಂದಿನ ಕಬ್ಬಿಣಕ್ಕೆ ಜಂಗೇ ಇರಲಿಲ್ಲ, ಈಗಿನ ತಗಡು ಹಂಗ” ಎನ್ನುವವರು ಕೊಡಚಾದ್ರಿಯ ಕಬ್ಬಿಣದ ಕಂಬವನ್ನು ತೋರಿಸಬಹುದು. ಮಲೆನಾಡಿನ ಮಳೆಯಲ್ಲಿ ತೊಯ್ದೂ ಅದು ನಿಂತಿದೆ. ದಿಲ್ಲಿಯ ಕಂಬಕ್ಕೆ ಕಬ್ಬಿಣದೊಳಗಿನ ರಂಜಕವೇ ರಕ್ಷೆಯಾದದ್ದನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ವಿವರಿಸಿದ್ದಾರೆ. ಲೋಹದ ಗುಣವನ್ನು ಒಪ್ಪೋಣ. ಆದರೆ ಕಂಬಕ್ಕೆ ಸಂದಿಯಿಲ್ಲ, ಮ್ಯಾಟಿಲ್ಲ, ಗೊಬ್ಬರದ ಚೀಲವಿಲ್ಲ. ಬಿದ್ದ ಮಳೆ ಇಳಿದುಹೋಗುತ್ತದೆ. ಈ ದೃಷ್ಟಾಂತ ಸಿದ್ಧಾಂತಿಯ ಪಕ್ಷಕ್ಕೇ ಬಂದು ಬೀಳುತ್ತದೆ.

ಚಾಸಿಗೆ ಎಂಜಿನ್ನಿನ ಹಳೇ ಆಯಿಲ್ ಬಳಿಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಎಣ್ಣೆ ನೀರನ್ನು ತಡೆಯುವುದು ನಿಜ. ಆದರೆ ಸುಟ್ಟ ಆಯಿಲಿನಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರ್ ಬುಷ್ಷುಗಳನ್ನು ಅದು ಕೆಡಿಸುತ್ತದೆ, ಮೊದಲ ಮಳೆಗೇ ತೊಳೆದು ಹೊಲ ಸೇರುತ್ತದೆ. ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ಒಣಗಿದ ಸ್ವಚ್ಛ ಕಬ್ಬಿಣದ ಮೇಲೆ ಮಾತ್ರ. ಜಂಗಿನ ಮೇಲೆ ಬಳಿದ ಕೋಟಿಂಗ್ ಬಿರುಕು ಬಿಟ್ಟು ತೇವವನ್ನು ಒಳಗೇ ಹಿಡಿದಿಡುತ್ತದೆ.

ಬಣ್ಣದ ಮಾತು ಬೇಗ ಮುಗಿಯುತ್ತದೆ. ಕಾರ್ಖಾನೆಯ ಎಲ್ಲ ಪದರ ಸೇರಿದರೂ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಒಂದು ಗೀರು ಕಬ್ಬಿಣ ಮುಟ್ಟಿತೆಂದರೆ ಜಂಗು ಬಣ್ಣದಡಿಯಲ್ಲೇ ಹರಡಿ ಗುಳ್ಳೆ ಏಳಿಸುತ್ತದೆ. ಗುಳ್ಳೆಯ ಮೇಲೆ ಬಣ್ಣ ಬಳಿಯುವುದು ವ್ಯರ್ಥ. ಹೊಳೆಯುವ ಲೋಹ ಕಾಣುವವರೆಗೆ ಪಾಲಿಶ್ ಕಾಗದದಿಂದ ಉಜ್ಜಿ, ಜಿಂಕ್ ಪ್ರೈಮರ್ ಕೊಟ್ಟು, ಆಮೇಲೆ ಬಣ್ಣ. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಕರಗಿ ಅದನ್ನು ಕಾಯುತ್ತದೆ. ಪುಟ್ಟಿಯನ್ನು ಬಣ್ಣವಿಲ್ಲದೆ ಬಿಟ್ಟರೆ ಅದೇ ತೇವ ಹೀರುತ್ತದೆ. ಧೂಳನ್ನು ಒಣ ಬಟ್ಟೆಯಿಂದ ತಿಕ್ಕಬೇಡಿ, ಅದರಿಂದಲೂ ಗೀರು ಬೀಳುತ್ತದೆ. ಮಹಾನವಮಿಯ ಪೂಜೆಯ ಕುಂಕುಮ, ಲಿಂಬಿಹಣ್ಣಿನ ಹುಳಿ, ತೆಂಗಿನಕಾಯಿಯ ನೀರು ದೇವರಿಗೆ ಮುಟ್ಟಿದ ಮೇಲೆ ಮರುದಿನ ತೊಳೆದರೆ ದೇವರೇನೂ ಮುನಿಯಲಾರ.

ಉಳಿದದ್ದು ವ್ಯವಹಾರಸ್ಥರ ಆಕ್ಷೇಪ: “ದುಡಿಯೋ ಗಾಡಿಗೆ ಶೃಂಗಾರ ಯಾಕ್ರಿ?” ಬಾಡಿಯ ಹೊರಮೈಗೆ ಮೂರು ವರ್ಷಕ್ಕೊಮ್ಮೆ ಬಣ್ಣ ಹೊಡೆಸುವುದು ದುಂದೇ, ಆ ಹಣ ಉಳಿಸಿ. ಚಾಸಿ ಮಾತ್ರ ಶೃಂಗಾರವಲ್ಲ, ಅದು ಹೇರಿನ ಬೆನ್ನೆಲುಬು. ಕೇಂದ್ರ ಮೋಟಾರು ವಾಹನ ನಿಯಮದಂತೆ ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಕಮಾನ್ ಪಟ್ಟಿಯ ಬ್ರಾಕೆಟ್ ಕೂರುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಜಂಗಿನ ಹಕ್ಕಳೆ ಉದುರಿ ಗಟ್ಟಿ ಲೋಹ ತಗುಲಿದರೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಒಳಗೆ ನುಗ್ಗಿದರೆ ಈ ಅಧಿಕರಣ ಅಲ್ಲಿ ಸಲ್ಲದು: ತೂತಿನ ಮೇಲೆ ತಗಡು ಇಟ್ಟು ವೆಲ್ಡ್ ಹೊಡೆಸದೆ, ಕೊಳೆತ ಭಾಗವನ್ನೇ ಕತ್ತರಿಸಿ ಹೊಸದು ಹಾಕಿಸಬೇಕು, ಅಲ್ಲಿಯವರೆಗೆ ಹೇರು ಹಾಕಬಾರದು.